ಕರಾವಳಿ ಮನೆಯ ಹಳೆಯ ಕಂಪ್ಯೂಟರ್: ಭಾಗ ಕೊಳ್ಳುವ ಮೊದಲು ದೋಷ ಹಿಡಿಯಿರಿ

"ಕಂಪ್ಯೂಟರ್ ನಿಧಾನವಾಗಿದೆ, ಏನು ಹಾಕಿಸಲಿ?" ಎಂದು ಕೇಳಿದ ಕೂಡಲೇ ರ‍್ಯಾಮ್ ಎಂದೋ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕ್) ಎಂದೋ ಉತ್ತರ ಕೊಡುವವರಿಂದ ಸ್ವಲ್ಪ ದೂರವಿರಿ. ಆನ್ ಮಾಡಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗದಿರುವುದು ಒಂದು ದೋಷ. ಬ್ರೌಸರ್‌ನಲ್ಲಿ ನಾಲ್ಕನೆಯ ಪುಟ ತೆರೆಯುತ್ತಲೇ ಎಲ್ಲವೂ ಸ್ತಬ್ಧವಾಗುವುದು ಇನ್ನೊಂದು. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಂಕಾಗುವುದು ಮತ್ತೊಂದು. ಮೂರನ್ನೂ ಜನ ನಿಧಾನ ಎಂದೇ ಕರೆಯುತ್ತಾರೆ. ಆದರೆ ಮೂರಕ್ಕೂ ಮದ್ದು ಬೇರೆ, ಖರ್ಚು ಬೇರೆ. ಮೂರನೆಯದಕ್ಕೆ ಬಹಳ ಸಲ ಒಂದು ಬ್ರಷ್ ಮತ್ತು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಸಾಕು.

ಇಲ್ಲಿ ಹೇಳುವುದು ಸುಮಾರು 2012ರಿಂದ 2018ರ ನಡುವೆ ಕೊಂಡ ಡೆಸ್ಕ್‌ಟಾಪ್‌ಗಳ ಬಗ್ಗೆ: 4 ಜಿಬಿ ರ‍್ಯಾಮ್, 500 ಜಿಬಿ ಅಥವಾ 1 ಟಿಬಿ ಹಾರ್ಡ್ ಡಿಸ್ಕ್, ಐ3 ಅಥವಾ ಪೆಂಟಿಯಂ ಪ್ರೊಸೆಸರ್. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳಲ್ಲಿ ಇಂಥ ಯಂತ್ರಗಳು ಇನ್ನೂ ಮಕ್ಕಳ ಪಾಠಕ್ಕೆ, ಸಂಘದ ಲೆಕ್ಕಕ್ಕೆ, ಅರ್ಜಿ ತುಂಬುವುದಕ್ಕೆ, ರಾತ್ರಿ ಯಕ್ಷಗಾನದ ವಿಡಿಯೊ ನೋಡುವುದಕ್ಕೆ ದುಡಿಯುತ್ತಿವೆ. ಬಯಲುಸೀಮೆಯ ಊರಿನವರು ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಯಂತ್ರವನ್ನು ವಯಸ್ಸಿಗಿಂತ ಮೊದಲು ಹಾಳು ಮಾಡುವುದು ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ ಮತ್ತು ಏರಿಳಿಯುವ ವಿದ್ಯುತ್ತು. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದ್ದು ಗೋಡೆಯ ಸಾಕೆಟ್‌ನಿಂದ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಹೊಸ ಪೇಂಟ್ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ಸಿಕ್ಕಿದರೆ ಒಂದು ಸಣ್ಣ ಬಾಟಲಿ ಐಸೊಪ್ರೊಪೈಲ್ ಆಲ್ಕೋಹಾಲ್. ಕ್ಯಾಬಿನೆಟ್ ಬಿಚ್ಚುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಭಾಗಗಳಿಗೆ ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳು ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಹುದು.

ವಿದ್ಯುತ್ತು ಸರಿಯಿದೆಯೇ?

ಕ್ಯಾಬಿನೆಟ್ಟಿನ ತಗಡನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಅಥವಾ ಹೆಸರಿಗೆ ಮಾತ್ರ ಇದೆ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಸೋರಿಸುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿಯಲು ದಾರಿ ಇಲ್ಲದೆ ತಗಡಿನಲ್ಲಿಯೇ ನಿಂತಿರುತ್ತದೆ. ಮಲ್ಟಿಮೀಟರ್ ಬಳಸಿ ರೂಢಿ ಇದ್ದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆಯಿರಿ: 230 ವೋಲ್ಟ್‌ನ ಆಸುಪಾಸು ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತಾರು ವೋಲ್ಟ್ ತೋರಿಸಿದರೆ ವಯರ್‌ಮನ್‌ಗೆ ಹೇಳಿ ಕಳಿಸಿ. ರೂಢಿ ಇಲ್ಲದವರು ಅಳತೆಯನ್ನೂ ಅವರಿಂದಲೇ ಮಾಡಿಸಿ. ಚಿರೆಕಲ್ಲಿನ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಅರ್ಥಿಂಗ್ ದುರ್ಬಲವಾಗುವುದು ನಮ್ಮ ಕಡೆ ಸಾಮಾನ್ಯ. ಅರ್ಥಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕುವ ಹಿರಿಯರ ಪದ್ಧತಿ ಸರಿಯಾದದ್ದೇ.

ಆಮೇಲೆ ಯುಪಿಎಸ್. ಕಂಪ್ಯೂಟರ್ ಓಡುತ್ತಿರುವಾಗ, ತೆರೆದ ಕಡತಗಳನ್ನೆಲ್ಲ ಉಳಿಸಿ, ಯುಪಿಎಸ್‌ಗೆ ಬರುವ ಸ್ವಿಚ್ ಆರಿಸಿ. ಯಂತ್ರ ಆ ಕ್ಷಣವೇ ಸತ್ತರೆ ಒಳಗಿನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಆ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಯುಪಿಎಸ್ ಪೂರ್ತಿ ಬದಲಿಸಬೇಕಾಗಿಲ್ಲ, ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು. ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಹೋಗಬೇಕಾದ್ದು ಇದಕ್ಕೇ ಎಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿ ಗಂಟೆಗೆ ನಾಲ್ಕು ಸಲ ವಿದ್ಯುತ್ತು ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಹೊಸ ಡಿಸ್ಕ್ ಹಾಕುವುದರಲ್ಲಿ ಅರ್ಥವಿಲ್ಲ.

ಗುಡುಗು ಸಿಡಿಲಿನ ನಂತರ ಇಂಟರ್‌ನೆಟ್ ಮಾತ್ರ ಬರುತ್ತಿಲ್ಲ, ಉಳಿದದ್ದೆಲ್ಲ ಸರಿ ಎಂದಾದರೆ ಮದರ್‌ಬೋರ್ಡ್‌ನ (ಎಲ್ಲ ಭಾಗ ಜೋಡಿಸಿರುವ ಮುಖ್ಯ ಫಲಕ) ಲ್ಯಾನ್ ಪೋರ್ಟ್, ಎಂದರೆ ಇಂಟರ್‌ನೆಟ್ ತಂತಿ ಸಿಕ್ಕಿಸುವ ಕಿಂಡಿ, ಸುಟ್ಟಿರಬಹುದು. ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಅಂಗಡಿಯವರು ಹೇಳಬಹುದು. ಕೆಲವು ನೂರು ರೂಪಾಯಿಯ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಅದೇ ಕೆಲಸ ಮಾಡುತ್ತದೆ. ಮನೆಗೆ ಬರುವ ಫೈಬರ್ ತಂತು ಗಾಜಿನದು, ಅದು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಮೋಡೆಮ್‌ನ ಅಡಾಪ್ಟರ್ ಮತ್ತು ಅಲ್ಲಿಂದ ಕಂಪ್ಯೂಟರ್‌ಗೆ ಬರುವ ತಾಮ್ರದ ಲ್ಯಾನ್ ತಂತಿ ಒಯ್ಯುತ್ತವೆ. ಮೋಡ ಕಟ್ಟಿದಾಗ ಪವರ್ ಪ್ಲಗ್‌ನೊಂದಿಗೆ ಆ ತಂತಿಯನ್ನೂ ಕೀಳಿ.

ಬಟನ್ ಒತ್ತಿದರೂ ಏನೂ ಆಗುವುದಿಲ್ಲ

ಮೊದಲು ಸಂಶಯಿಸಬೇಕಾದ್ದು ಆ ಬಟನ್ನನ್ನೇ. ಕ್ಯಾಬಿನೆಟ್‌ನ ಮುಂಭಾಗದ ಅಗ್ಗದ ಸ್ವಿಚ್ ಉಪ್ಪು ಗಾಳಿಗೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಅದರ ತಂತಿ ಮದರ್‌ಬೋರ್ಡ್‌ನ ಮೂಲೆಯಲ್ಲಿರುವ ಎರಡು ಪಿನ್‌ಗಳಿಗೆ ಹೋಗಿರುತ್ತದೆ. ತಂತಿ ಕಿತ್ತು ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಜೋಡಿಸಿ. ಯಂತ್ರ ಎದ್ದರೆ ದೋಷ ಸ್ವಿಚ್ಚಿನದು. ರೀಸೆಟ್ ಬಟನ್‌ನ ತಂತಿಯನ್ನು ಪವರ್ ಪಿನ್‌ಗಳಿಗೆ ಹಾಕಿಕೊಳ್ಳಿ, ಇನ್ನು ಮುಂದೆ ಅದೇ ನಿಮ್ಮ ಪವರ್ ಬಟನ್. ಖರ್ಚು ಸೊನ್ನೆ. ರೀಸೆಟ್ ಬಟನ್ ಇಲ್ಲದ ಕ್ಯಾಬಿನೆಟ್ಟಿಗೆ ಯಾವುದೇ ಒತ್ತುವ ಸ್ವಿಚ್ ನಡೆಯುತ್ತದೆ.

ಏಳದಿದ್ದರೆ ಎಸ್‌ಎಂಪಿಎಸ್ ಪರೀಕ್ಷಿಸಿ. ಮದರ್‌ಬೋರ್ಡ್‌ನಿಂದ ದೊಡ್ಡ 24 ಪಿನ್ ಕನೆಕ್ಟರ್ ಕೀಳಿ. ವಿದ್ಯುತ್ತು ಕೊಟ್ಟು ನೇರಳೆ ತಂತಿ ಮತ್ತು ಕಪ್ಪು ತಂತಿಯ ನಡುವೆ ಅಳೆದರೆ 5 ವೋಲ್ಟ್ ಸಿಗಬೇಕು; ಯಂತ್ರ ಆಫ್ ಇದ್ದಾಗಲೂ ಇದು ಇರುತ್ತದೆ. ನಂತರ ವಿದ್ಯುತ್ತು ಆರಿಸಿ, ಹಸಿರು ತಂತಿಯ ರಂಧ್ರವನ್ನೂ ಪಕ್ಕದ ಕಪ್ಪು ತಂತಿಯ ರಂಧ್ರವನ್ನೂ ಬಾಗಿಸಿದ ಪೇಪರ್ ಕ್ಲಿಪ್‌ನಿಂದ ಜೋಡಿಸಿ ಮತ್ತೆ ಆನ್ ಮಾಡಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಇದ್ದರೆ ಸರಿ. ಈ ಮಿತಿಯ ಹೊರಗಿದ್ದರೆ ಎಸ್‌ಎಂಪಿಎಸ್ ಖಂಡಿತ ಕೆಟ್ಟಿದೆ. ಮಿತಿಯ ಒಳಗಿದ್ದರೆ ಖಂಡಿತ ಒಳ್ಳೆಯದು ಎಂದು ಹೇಳಲಾಗದು, ಏಕೆಂದರೆ ಹೊರೆ ಬಿದ್ದಾಗ ಮಾತ್ರ ಕುಸಿಯುವವೂ ಇವೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಶಾಲೆಗೆ ರಜೆ ಎಂದೋ ಮನೆಯವರು ಊರಲ್ಲಿಲ್ಲ ಎಂದೋ ಯಂತ್ರ ವಾರಗಟ್ಟಲೆ ಮುಚ್ಚಿಟ್ಟಿದ್ದರೆ ಅನುಮಾನವೇ ಬೇಡ: ರ‍್ಯಾಮ್ ಮತ್ತು ಅದರ ಸ್ಲಾಟ್ ನಡುವೆ ತೇವದ ಪದರ ಕೂತಿದೆ. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ. ಸ್ಲಾಟನ್ನು ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಉಸಿರಿನೊಂದಿಗೆ ಹೋಗುವುದೂ ತೇವವೇ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಹೀಗೆ ಮಾಡದೆ "ರ‍್ಯಾಮ್ ಹೋಗಿದೆ" ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಅಲ್ಲಿಯೇ ಬೋರ್ಡಿನ ಮೇಲೆ ಕಣ್ಣು ಹಾಯಿಸಿ. ತಲೆ ಉಬ್ಬಿದ ಕೆಪಾಸಿಟರ್, ಹಸಿರು ಪಾಚಿಯಂಥ ಕಲೆ, ಸತ್ತ ಹಲ್ಲಿ, ಇರುವೆಯ ಗೂಡು. ಕೊನೆಯ ಎರಡು ತಮಾಷೆಯಲ್ಲ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ ಎರಡು ಪಿನ್‌ಗಳ ನಡುವೆ ಸಿಕ್ಕಿಕೊಂಡರೆ ಯಂತ್ರ ಏಳುವುದಿಲ್ಲ. ಹಿಂಭಾಗದಲ್ಲಿ ಕಾರ್ಡ್ ತೆಗೆದ ಕಡೆ ಬಾಯಿ ತೆರೆದಿರುವ ಕಿಂಡಿಗಳಿಗೆ ತಗಡು ಹಾಕಿಸಿ.

ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಂತಿದ್ದರೆ, ಜಾಲತಾಣಗಳೆಲ್ಲ ಸಂಪರ್ಕ ಸುರಕ್ಷಿತವಲ್ಲ ಎಂದು ತಕರಾರು ತೆಗೆದರೆ, ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಸೆಲ್ ಬದಲಿಸಿ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ, 2.7ಕ್ಕಿಂತ ಕೆಳಗಿಳಿದಿದ್ದರೆ ಎಸೆಯಿರಿ. ಒಂದು ಎಚ್ಚರ: ಸೆಲ್ ತೆಗೆದಾಗ ಬಯೋಸ್‌ನ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಹೊಂದಿಕೆಗಳು ಅಳಿಸಿಹೋಗಬಹುದು. ಡಿಸ್ಕ್ ಬೋರ್ಡಿನೊಂದಿಗೆ ಮಾತಾಡುವ ಸಾಟಾ ವಿಧಾನ ಎಎಚ್‌ಸಿಐ ಇದೆಯೋ ಐಡಿಇ ಇದೆಯೋ ಎಂದು ಮೊದಲೇ ಬಯೋಸ್‌ಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಅದು ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಆಗ ಸಣ್ಣ ಸೆಲ್ಲಿನ ಕೆಲಸ ಹೊಸ ಡಿಸ್ಕಿನ ಮಾತಿಗೆ ತಿರುಗುತ್ತದೆ.

ನಿಧಾನ

ಯಂತ್ರ ಆನ್ ಮಾಡಿ ಹತ್ತು ನಿಮಿಷ ಏನನ್ನೂ ಮುಟ್ಟದೆ ಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರರ ಓಟ ಕಾಣುತ್ತದೆ. ನೀವು ದಿನವೂ ಮಾಡುವ ಕೆಲಸವನ್ನು ಶುರು ಮಾಡಿ, ಯಾವುದು ಮೊದಲು 100 ಮುಟ್ಟುತ್ತದೆ ನೋಡಿ.

ಡಿಸ್ಕ್ 100 ಎಂದು ತೋರಿಸುತ್ತಿದೆ, ಆದರೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಎಂದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ ಸೆಕೆಂಡಿಗೆ ನೂರು ಎಂಬಿಯ ಆಸುಪಾಸು ಕೊಡಬಲ್ಲದು. ಆದರೆ ಅಲ್ಲೊಂದು ಇಲ್ಲೊಂದು ಚೂರು ಹುಡುಕಿ ತರುವಾಗ ಅದರ ಓದುವ ಮುಳ್ಳು ಪ್ರತಿ ಸಲ ಓಡಾಡಬೇಕು, ಸೆಕೆಂಡಿಗೆ ನೂರು ಸಲ ಓಡಾಡಿದರೆ ಅದೇ ಹೆಚ್ಚು. ವಿಂಡೋಸ್ ಮಾಡಿಸುವುದು ಬಹುಪಾಲು ಈ ಎರಡನೆಯ ಬಗೆಯ ಕೆಲಸ. ಎಸ್‌ಎಸ್‌ಡಿಯಲ್ಲಿ ಓಡಾಡುವ ಮುಳ್ಳೇ ಇಲ್ಲ. ಹಳೆಯ ಯಂತ್ರ ಅದರಿಂದ ಹೊಸದಾದಂತೆ ಅನ್ನಿಸುವುದು ಇದಕ್ಕೇ. ಬೋರ್ಡ್ ಹಳೆಯ ಸಾಟಾ 2 ಆಗಿ ವೇಗ 300 ಎಂಬಿಗೆ ಸೀಮಿತವಾಗಿದ್ದರೂ ಲಾಭ ಹೆಚ್ಚು ಕಡಿಮೆ ಅಷ್ಟೇ.

ಆದರೆ ಹಣ ಎಣಿಸುವ ಮುನ್ನ ಇನ್ನೊಂದು ಪರೀಕ್ಷೆ ಬೇಕು, ಏಕೆಂದರೆ ರ‍್ಯಾಮ್ ಕೊರತೆಯೂ ಡಿಸ್ಕಿನ ವೇಷ ಹಾಕಿಕೊಂಡು ಬರುತ್ತದೆ. ಮೆಮೊರಿ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಸುರಿಯುತ್ತದೆ, ಬೇಕಾದಾಗ ಎತ್ತಿಕೊಳ್ಳುತ್ತದೆ. ಮೆಮೊರಿ ಶೇ. 90 ದಾಟಿ, ಡಿಸ್ಕೂ 100 ಇದ್ದರೆ ಬ್ರೌಸರ್ ಪೂರ್ತಿ ಮುಚ್ಚಿ ಎರಡು ನಿಮಿಷ ಕಾಯಿರಿ. ಡಿಸ್ಕ್ ಶಾಂತವಾದರೆ ಕೊರತೆ ರ‍್ಯಾಮಿನದು. ಆಗಲೂ ಏದುಸಿರು ಬಿಡುತ್ತಿದ್ದರೆ ತೊಂದರೆ ಡಿಸ್ಕಿನದೇ.

ಡಿಸ್ಕಿನದು ಎಂದಾದರೆ ಅದು ಕೇವಲ ಹಳೆಯದೋ, ಸಾಯುತ್ತಿದೆಯೋ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದು ನಾಲ್ಕು ಸಾಲು ನೋಡಿ: 05, ಸಿ5, ಸಿ6, ಸಿ7. ಮೊದಲ ಮೂರು ಡಿಸ್ಕಿನ ಮೇಲ್ಮೈ ಹಾಳಾದ ಜಾಗಗಳ ಲೆಕ್ಕ. ಸಿ5 ಸೊನ್ನೆ ಅಲ್ಲದಿದ್ದರೆ ಬೇರೆಲ್ಲ ಬಿಟ್ಟು ಮದುವೆಯ ಫೋಟೊ, ಪಹಣಿ ಪ್ರತಿ, ಅಂಕಪಟ್ಟಿಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಡಿಸ್ಕ್ ದುರಸ್ತಿಯ ಆದೇಶ ಕೊಡುವುದು ಆಮೇಲೆ. ಸಾಯುವ ಡಿಸ್ಕನ್ನು ಮೊದಲೇ ಇಡೀ ತಡಕಿಸಿದರೆ ಉಳಿದ ಜೀವವೂ ಅಲ್ಲಿಯೇ ಹೋಗಬಹುದು.

ಸಿ7 ಬೇರೆ ಜಾತಿಯದು. ಅದು ಡಿಸ್ಕ್ ಮತ್ತು ಬೋರ್ಡ್ ನಡುವೆ ಸಾಗುವಾಗ ಕೆಟ್ಟ ದತ್ತಾಂಶದ ಎಣಿಕೆ, ಎಂದರೆ ಸಾಮಾನ್ಯವಾಗಿ ಸಾಟಾ ಕೇಬಲ್ಲಿನ ದೋಷ. ಸಮುದ್ರದ ಬದಿಯ ಮನೆಗಳಲ್ಲಿ ಈ ಸಂಖ್ಯೆ ಏರಿರುವುದನ್ನು ನೋಡುತ್ತಲೇ ಇರುತ್ತೇನೆ. ಕುಮಟಾದ ಒಂದು ಮನೆಯ ನಾಲ್ಕನೆಯ ತಲೆಮಾರಿನ ಐ3 ಯಂತ್ರಕ್ಕೆ ಹೊಸ ಹಾರ್ಡ್ ಡಿಸ್ಕ್ ಬೇಕೆಂದು ತೀರ್ಮಾನವಾಗಿತ್ತು. ಸಿ5, ಸಿ6 ಎರಡೂ ಸೊನ್ನೆ, ಸಿ7 ನೂರಾರು. ಕೇಬಲ್ ಬದಲಿಸಿದ ಮೇಲೆ ನಡುನಡುವೆ ಹೆಪ್ಪುಗಟ್ಟುವುದು ನಿಂತಿತು. ಎಣಿಕೆ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನೆನಪಿರಲಿ. ಇಂದಿನ ಸಂಖ್ಯೆ ಬರೆದಿಟ್ಟು ವಾರ ಬಿಟ್ಟು ನೋಡಿದಾಗ ಅಷ್ಟೇ ಇದ್ದರೆ ದೋಷ ಹೋಗಿದೆ.

ಪ್ರೊಸೆಸರ್ 100 ಇದ್ದರೆ ಅದರ ಕೆಳಗೆ ಬರೆದ ವೇಗವನ್ನು ಗಮನಿಸಿ. ಮೂಲವೇಗ 3.4 ಗಿಗಾಹರ್ಟ್ಸ್ ಇರುವ ಯಂತ್ರ ಪೂರ್ತಿ ಹೊರೆಯಲ್ಲಿ 1.5ರ ಹತ್ತಿರ ಓಡುತ್ತಿದ್ದರೆ ಪ್ರೊಸೆಸರ್ ಹಳೆಯದೆಂದು ಬೈಯಬೇಡಿ, ಅದು ಬೇಯುತ್ತಿದೆ. (ಪವರ್ ಸೇವರ್ ಹೊಂದಿಕೆ ಇಲ್ಲ ಎಂಬುದನ್ನು ಒಮ್ಮೆ ಖಚಿತಪಡಿಸಿಕೊಳ್ಳಿ.) ಇಂಟೆಲ್ ಪ್ರೊಸೆಸರ್‌ಗಳು ಸುಮಾರು 100 ಡಿಗ್ರಿ ಮುಟ್ಟುವಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಎಚ್‌ಡಬ್ಲ್ಯುಮಾನಿಟರ್‌ನಂಥ ತಂತ್ರಾಂಶದಲ್ಲಿ ಉಷ್ಣತೆ ನೋಡಿ: ಸುಮ್ಮನಿರುವಾಗ 50ರ ಒಳಗೆ, ದುಡಿಯುವಾಗ 80ರ ಒಳಗೆ ಇದ್ದರೆ ಚೆನ್ನ. ಕರಾವಳಿಯ ಧೂಳು ಉಪ್ಪು ಮತ್ತು ತೇವ ಕುಡಿದು ಪ್ರೊಸೆಸರ್ ತಣಿಸುವ ಹೀಟ್‌ಸಿಂಕ್‌ನ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂರುತ್ತದೆ, ಬ್ಲೋವರ್ ಗಾಳಿಗೆ ಪೂರ್ತಿ ಹಾರುವುದಿಲ್ಲ. ಫ್ಯಾನ್ ಬಿಚ್ಚಿ ಬ್ರಷ್‌ನಿಂದಲೇ ತೆಗೆಯಬೇಕು. ಒಣಗಿದ ಪೇಸ್ಟನ್ನು ಆಲ್ಕೋಹಾಲ್‌ನಿಂದ ಒರೆಸಿ ಕಡಲೆ ಕಾಳಿನಷ್ಟು ಹೊಸದು ಹಾಕಿ. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಕೂರದಿದ್ದರೂ ಈ ಶ್ರಮವೆಲ್ಲ ವ್ಯರ್ಥ. ಬೋರ್ಡಿನ ಹಿಂದಿನಿಂದ ನೋಡಿ ನಾಲ್ಕೂ ಹೊರಬಂದಿವೆ ಎಂದು ಖಚಿತಪಡಿಸಿಕೊಳ್ಳಿ.

ತಾನಾಗಿಯೇ ಆರಿಹೋಗುತ್ತದೆ

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಕಂಡು ಎಸ್‌ಎಂಪಿಎಸ್ ಬದಲಿಸಿದವರಿದ್ದಾರೆ. ಯಂತ್ರ ಸರಿಯಾಗಿ ಮುಚ್ಚದೆ ಆರಿತು ಎಂಬುದನ್ನಷ್ಟೇ ಆ ಸಾಲು ಹೇಳುತ್ತದೆ, ಕಾರಣವನ್ನಲ್ಲ. ಕಾರಣ ತಿಳಿಯಲು ಯಾವಾಗ ಆರುತ್ತದೆ ಎಂದು ಬರೆದಿಡಿ. ಪ್ರತಿ ಸಲ ವಿಡಿಯೊ ಶುರುವಾಗಿ ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ಆದರೆ ಬಿಸಿ. ಅಡುಗೆಮನೆಯ ಮಿಕ್ಸರ್, ಫ್ರಿಜ್ ಅಥವಾ ತೋಟದ ಪಂಪ್‌ಸೆಟ್ ಚಾಲೂ ಆದಾಗ ಆದರೆ ವೋಲ್ಟೇಜ್. ಅಡಿಕೆ ತೋಟದ ಮನೆಗಳಲ್ಲಿ ಇದನ್ನೇ ಮೊದಲು ನೋಡಬೇಕು. ನೀಲಿ ಪರದೆ ತೋರಿಸಿ, ಪ್ರತಿ ಸಲ ಬೇರೆ ಬೇರೆ ಕಾರಣ ಬರೆದು ಆರಿದರೆ ರ‍್ಯಾಮ್ ಮೇಲೆ ಸಂಶಯ. ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರ ಎಬ್ಬಿಸಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಆ ರ‍್ಯಾಮ್ ಅಂಚನ್ನು ಉಜ್ಜಿ, ಒಂದೊಂದಾಗಿ ಮತ್ತೆ ಪರೀಕ್ಷಿಸಿ. ಆಗಲೂ ತಪ್ಪು ಬಂದದ್ದನ್ನು ತೆಗೆದುಹಾಕಿ.

ಈಗ ಹಣದ ಮಾತು

ದೋಷ ಗೊತ್ತಾದ ಮೇಲೂ ಒಂದು ಲೆಕ್ಕ ಬಾಕಿ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅದಕ್ಕಿಂತ ಹಳೆಯ ಯಂತ್ರದ ಮೇಲೆ ದೊಡ್ಡ ಮೊತ್ತ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಎಸ್‌ಎಸ್‌ಡಿ ಹಾಕಿ, ಮುಂದೆ ಹೊಸ ಯಂತ್ರ ಕೊಂಡಾಗ ಅದನ್ನೇ ಕಿತ್ತು ಒಯ್ಯಬಹುದು. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಅಂಥ ಯಂತ್ರಕ್ಕೆ ಚೆನ್ನಾಗಿ ಹೊಂದುತ್ತದೆ, ಕನ್ನಡ ಟೈಪಿಂಗ್‌ಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸವೂ ಸಿಗುತ್ತದೆ. ಆದರೆ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್, ಹಳೆಯ ಪ್ರಿಂಟರ್ ಬಳಸುವವರು ಮೊದಲು ಪೆನ್‌ಡ್ರೈವಿನಿಂದ ಓಡಿಸಿ ಅವು ನಡೆಯುತ್ತವೆಯೇ ಎಂದು ನೋಡಿಕೊಳ್ಳಲಿ.

ಯುಪಿಎಸ್ ಬ್ಯಾಟರಿಯ ನಂತರ ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ಮನೆ ಬಳಕೆಗೆ 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಹಳೆಯ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಫೋಟೊ, ವಿಡಿಯೊಗಳಿಗೆ ಪಕ್ಕದಲ್ಲಿ ಇರಲಿ. ರ‍್ಯಾಮ್ 8 ಜಿಬಿ ಆದರೆ ಉಸಿರಾಡಲು ಜಾಗ ಸಿಗುತ್ತದೆ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ಒಂದು ಇನ್ನೊಂದರ ಸ್ಲಾಟಿಗೆ ಕೂರುವುದಿಲ್ಲ. ಅತಿ ಅಗ್ಗಕ್ಕೆ ಮಾರುವ 8 ಜಿಬಿಯ ಕೆಲವು ಡಿಡಿಆರ್3 ರ‍್ಯಾಮ್‌ಗಳು ಎಎಂಡಿ ಬೋರ್ಡ್‌ಗಳಲ್ಲಿ ಮಾತ್ರ ಓಡುತ್ತವೆ, ವಿವರಣೆಯ ಸಣ್ಣಕ್ಷರ ಓದಿ.

ಪ್ರೊಸೆಸರ್ ಬದಲಾವಣೆ ಕೊನೆಯ ಮಾತು. ಎರಡು ಮತ್ತು ಮೂರನೆಯ ತಲೆಮಾರಿನವು 1155 ಸಾಕೆಟ್, ನಾಲ್ಕನೆಯದು 1150. ಅದೇ ಸಾಕೆಟ್‌ನ ಬಳಸಿದ ಐ5 ಅಗ್ಗಕ್ಕೆ ಸಿಕ್ಕಿ, ಬೋರ್ಡಿನ ಬಯೋಸ್ ಒಪ್ಪಿ, ನಿಮ್ಮ ಕೆಲಸದಲ್ಲಿ ಪ್ರೊಸೆಸರ್ ನಿಜವಾಗಿ 100 ಮುಟ್ಟುತ್ತಿದ್ದರೆ ಮಾತ್ರ ಯೋಚಿಸಿ.

ಬಳಸಿದ ರ‍್ಯಾಮ್ ಮತ್ತು ಪ್ರೊಸೆಸರ್ ಧೈರ್ಯವಾಗಿ ಕೊಳ್ಳಬಹುದು, ಒಂದು ರಾತ್ರಿಯ ಪರೀಕ್ಷೆಯಲ್ಲಿ ಅವುಗಳ ಬಂಡವಾಳ ಬಯಲಾಗುತ್ತದೆ. ಬಳಸಿದ ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಬೇಡ. ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 450 ವ್ಯಾಟ್ ಎಂಬ ದೊಡ್ಡಕ್ಷರ ಬಿಟ್ಟು, ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಆ ಸಾಲಿನಲ್ಲಿ ಸಿಗುವುದು 192 ವ್ಯಾಟ್ ಅಷ್ಟೇ.

ಹುಬ್ಬಳ್ಳಿಯಿಂದಲೋ ಮಡಗಾಂವ್‌ನಿಂದಲೋ ಭಾಗ ತರಿಸುವುದಾದರೆ ಬಸ್ ಹತ್ತುವ ಮೊದಲು ಮದರ್‌ಬೋರ್ಡ್‌ನ ಮಾದರಿ ಸಂಖ್ಯೆ, ಈಗಿರುವ ರ‍್ಯಾಮ್‌ನ ಲೇಬಲ್, ಎಸ್‌ಎಂಪಿಎಸ್ ಪಟ್ಟಿ ಮೂರರ ಚಿತ್ರ ಮೊಬೈಲಿನಲ್ಲಿರಲಿ. ಬಿಲ್ಲಿನಲ್ಲಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ಅದಿಲ್ಲದೆ ವಾರಂಟಿ ಕೇಳುವುದು ಕಷ್ಟ. ಅಂಗಡಿಯಲ್ಲಿಯೇ ಜೋಡಿಸಿದರೆ ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ. "ಕೆಟ್ಟಿದೆ" ಎಂದು ತೆಗೆದ ರ‍್ಯಾಮ್ ರಬ್ಬರಿನಿಂದ ಉಜ್ಜಿದ ಮೇಲೆ ಓಡುವುದು ಅಪರೂಪವೇನಲ್ಲ.